ತೂತಿಲ್ಲದ ಸನಾದಿ

ವಾದ್ಯ ಕೊಳ್ಳುವುದು ಬದನೆಕಾಯಿ ಕೊಳ್ಳುವುದಕ್ಕಿಂತ ಸುಲಭ ಎಂದು ನಾನು ನಂಬಿದ್ದೆ. ಬದನೆಕಾಯಿಯಲ್ಲಾದರೆ ಹುಳ ಇರಬಹುದು. ವಾದ್ಯದಲ್ಲಿ ಏನಿರುತ್ತದೆ? ಗಾಳಿ! ಅಂಗಡಿಗೆ ಹೋಗಬೇಕು, ಊದಿ ನೋಡಬೇಕು, ರೊಕ್ಕ ಕೊಟ್ಟು ಬರಬೇಕು. ಇಷ್ಟು ಸರಳ ಕೆಲಸದಲ್ಲಿ ಒಬ್ಬ ಮನುಷ್ಯ ಪ್ರಾಣಭಯಕ್ಕೆ ಬೀಳಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಗ ನಾನು ತಿಕೋಟಾದ ಕನ್ನಡ ಶಾಲೆಯಲ್ಲಿ ಮಾಸ್ತರ. ನಯೇ ಪೈಸೆ ಬಂದಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ನನ್ನ ಮಾವ ರುದ್ರಗೌಡರು ಬಬಲೇಶ್ವರದವರು, ನಿವೃತ್ತ ಪೊಲೀಸ್ ಫೌಜದಾರರು. ನಿವೃತ್ತರಾದದ್ದು ಅವರು ಮಾತ್ರ, ಮೀಸೆ ಇನ್ನೂ ಡ್ಯೂಟಿಯ ಮೇಲಿತ್ತು. ಅವರು "ಊಟ ಆತೇನ್ರಿ ಅಳಿಯಂದ್ರ?" ಎಂದು ಕೇಳಿದರೂ ನಾನು ಮಾಡದ ತಪ್ಪನ್ನೆಲ್ಲ ಒಪ್ಪಿಕೊಳ್ಳಲು ಸಿದ್ಧನಾಗಿಬಿಡುತ್ತಿದ್ದೆ.

ನಾನು ಹೆಣ್ಣು ನೋಡಲು ಹೋದಾಗ ಇವರು, "ಹುಡುಗಗ ಚಟಾ ಏನರ ಅದಾವೇನು?" ಎಂದು ಗುಡುಗಿದ್ದರು. ನಮ್ಮ ಕಾಕಾ ಗಾಬರಿಯಾಗಿ, "ಛೇ ಛೇ, ಏನೂ ಇಲ್ರಿ. ಒಂದೀಟ ಕೊಳಲ ಬಾರಸ್ತಾನ, ಅಷ್ಟ" ಎಂದುಬಿಟ್ಟರು. ನಾನು ಅಲ್ಲಿಯವರೆಗೆ ಬಾಯಿಂದ ಊದಿದ್ದು ಬಿಸಿ ಚಹಾ ಒಂದನ್ನೇ! ಆದರೂ ನೆಲ ನೋಡುತ್ತ ಸುಮ್ಮನೆ ಕೂತೆ. ಲಗ್ನವಾಯಿತು. ನಾಲ್ಕು ವರ್ಷ ಆ ಮಾತನ್ನು ಯಾರೂ ಎತ್ತಲಿಲ್ಲ.

ಐದನೆಯ ವರ್ಷ ಮಾವನವರ ಕಾರ್ಡು ಬಂತು. ನಾದಿನಿ ನೀಲಾಳ ಲಗ್ನ ಕನಮಡಿಯ ದೊಡ್ಡ ಮನೆತನದ ಹುಡುಗನ ಜೊತೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನು. ನೀಲಾಳಿಗೂ ಅವನ ಮೇಲೆ ಮನಸ್ಸಿತ್ತು. ಆದರೆ ಹುಡುಗನ ಅಜ್ಜಿಯದೊಂದು ಷರತ್ತು. ಅವರ ಮನೆತನದ ಪದ್ಧತಿಯ ಪ್ರಕಾರ, ವಧೂವರರ ತಲೆಯ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವಾಗ ಹೆಣ್ಣಿನ ಕಡೆಯ ಒಬ್ಬ ಗಂಡಸು ಸನಾದಿಯವರ ಪಕ್ಕ ಕೂತು ಶ್ರುತಿ ಹಿಡಿಯಬೇಕು. ಅಂದರೆ ಮಂತ್ರ ಮುಗಿಯುವವರೆಗೆ ಒಂದೇ ಸ್ವರವನ್ನು ಎಲ್ಲಿಯೂ ಕಡಿಯದಂತೆ ಊದುತ್ತಿರಬೇಕು. ಉಸಿರು ಕಡಿದರೆ ನಂಟೂ ಕಡಿಯಿತು ಎಂದೇ ಲೆಕ್ಕ. ಹಿಂದೆ ಒಮ್ಮೆ ಅವಳ ನಡುವಿನ ಮಗನ ಲಗ್ನದಲ್ಲಿ ಹೆಣ್ಣಿನ ಸೋದರಮಾವ ನಡುವೆ ಕೆಮ್ಮಿಬಿಟ್ಟನಂತೆ. ಅಜ್ಜಿ ಕೈಯಲ್ಲಿದ್ದ ಅಕ್ಕಿಕಾಳನ್ನು ಸೆರಗಿಗೆ ಕಟ್ಟಿಕೊಂಡು, ವರನನ್ನೂ ಎಬ್ಬಿಸಿಕೊಂಡು, ಬಂಡಿ ಹೂಡಿಸಿದಳಂತೆ!

ಕಾರ್ಡಿನ ಕೊನೆಗೆ ಮಾವನವರು ಬರೆದಿದ್ದರು: "ನೀವು ಕೊಳಲುವಾದಕರು ಇರುವದರಿಂದ ನಮಗೆ ಯಾವ ಚಿಂತೆಯೂ ಇಲ್ಲ. ತಮಗೆ ಒಗ್ಗುವ ವಾದ್ಯವನ್ನು ವಿಜಾಪುರದಲ್ಲಿ ತಾವೇ ಆರಿಸಿ ತರತಕ್ಕದ್ದು."

ನಾನು ಕಾರ್ಡನ್ನು ಮೂರು ಸಲ ಓದಿದೆ. ಮೂರು ಸಲವೂ ಅದರಲ್ಲಿ ಅದೇ ಬರೆದಿತ್ತು. ನನ್ನ ಒಂದು ಕೆಮ್ಮಿಗೆ ಆ ಹುಡುಗಿಯ ಸಂಸಾರ ಹುಟ್ಟುವ ಮೊದಲೇ ಮುರಿಯಬಹುದು ಎಂದು ಹೊಳೆದಾಗ ಅಡಿಗೆಮನೆಗೆ ಹೋಗಿ ಕಾರ್ಡನ್ನು ಓದಿ ಹೇಳಿದೆ.

"ಬರಂಗಿಲ್ಲಂತ ಬರದ ಹಾಕ್ರಿ" ಎಂದಳು ನನ್ನ ಹೆಂಡತಿ ಶಾಂತಾ, ರೊಟ್ಟಿ ಬಡಿಯುತ್ತ.

"ಈಗ ಹೆಂಗ ಬರೀಲಿ? ನಾಕ ವರ್ಷ ಸುಮ್ಮನ ಕುಂತೇನಿ."

"ಹಂಗಾರ ಸುಳ್ಳ ಹೇಳಿ ನನ್ನ ಕಟಗೊಂಡ್ರಿ."

"ನಾ ಎಲ್ಲಿ ಹೇಳೇನಿ? ಕಾಕಾ ಹೇಳ್ಯಾನ!"

"ಹಂಗಾರ ಕಾಕಾನ್ನ ಕರದು ಊದಸ್ರಿ!"

ಕಾಕಾನಿಗೆ ಮುಂದಿನ ಹಲ್ಲು ನಾಲ್ಕೂ ಇರಲಿಲ್ಲ. ಆದ್ದರಿಂದ ರವಿವಾರ ನಾನೇ ವಿಜಾಪುರದ ಬಸ್ಸು ಹತ್ತಿದೆ.

ವಾದ್ಯದ ಅಂಗಡಿಯಲ್ಲಿ ಒಬ್ಬ ಮುದುಕ ಚಶ್ಮಾ ಏರಿಸಿಕೊಂಡು ನನ್ನನ್ನು ನೋಡಿ ಎರಡೇ ಪ್ರಶ್ನೆ ಕೇಳಿದ. "ಎಷ್ಟ ವರ್ಷ ಆತ್ರಿ ಬಾರಸಾಕತ್ತು? ಎಷ್ಟರೊಳಗ ಬೇಕು?" ವಾದ್ಯ ಕೊಳ್ಳುವ ವಿದ್ಯೆಯೆಲ್ಲ ಇರುವುದು ಈ ಎರಡು ಪ್ರಶ್ನೆಗಳಲ್ಲಿ. ನಿಜ ಹೇಳಿದವನಿಗೆ ಸರಿಯಾದ ವಾದ್ಯ ಸಿಗುತ್ತದೆ. ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಕೂತು ನನ್ನನ್ನೇ ನೋಡುತ್ತಿದ್ದರು.

"ಎಂಟ ವರ್ಷ ಆತು" ಎಂದೆ. "ರೊಕ್ಕದ ಮಾತ ಬಿಡ್ರಿ, ಮಾಲ ಚೊಲೊ ಇರಲಿ."

ನಾನು ಆಗಲೇ ಕೈಗೆತ್ತಿಕೊಂಡಿದ್ದ ಒಂದು ಸಣ್ಣ ಸನಾದಿಯನ್ನು ಮುದುಕ ಮೆಲ್ಲಗೆ ಕಿತ್ತುಕೊಂಡ. "ಇದು ಹೊಸಬರದು ಬಿಡ್ರಿ. ಬಾಯಾಗಿಡೂ ಗರಿ ಮೆತ್ತಗ ಅದ. ನಿಮ್ಮಂಥಾವ್ರಿಗಲ್ಲ." ನನಗೆ ಅದು ಬೇಕೇ ಬೇಕಿತ್ತು! ಆದರೆ ಹೇಗೆ ಕೇಳುವುದು? ಆಮೇಲೆ ಒಂದು ಕ್ಲಾರಿನೆಟ್ ತೋರಿಸಿದ. ಅದರ ಮೈತುಂಬ ಕೀಲಿಗಳು. ನಮ್ಮ ಮನೆಗಿರುವುದು ಒಂದೇ ಕೀಲಿಕೈ, ಅದನ್ನೂ ನಾನು ತಿಂಗಳಿಗೊಮ್ಮೆ ಕಳೆಯುತ್ತೇನೆ. ಬೇಡವೆಂದೆ. ಕೊನೆಗೆ ಮೇಲಿನ ಗೂಟದಿಂದ ಒಂದು ಮೊಳಕ್ಕಿಂತ ಉದ್ದದ, ಹಿತ್ತಾಳೆ ಬಾಯಿಯ ಸನಾದಿಯನ್ನು ಇಳಿಸಿದ.

"ಇದರ ಗರಿ ಬಿರಸ ಅದ. ಎದಿಯಾಗ ಕಸುವಿದ್ದಾವ್ರ ಊದಬೇಕು. ಊದಿ ನೋಡ್ರಿ."

"ಇವತ್ತ ಗಂಟಲ ಕೆಟ್ಟದ" ಎಂದೆ. ಇಬ್ಬರು ಗಿರಾಕಿಗಳೂ ಗೌರವದಿಂದ ತಲೆಯಾಡಿಸಿದರು. ಆ ಗೌರವಕ್ಕೆ ಆ ತಿಂಗಳ ಕಿರಾಣಿ ಸಾಮಾನಿನ ರೊಕ್ಕವೂ ಸೇರಿ ಹೋಯಿತು!

ಮನೆಯಲ್ಲಿ ಎರಡು ದಿನ ಊದಿದೆ. ಸನಾದಿ ತುಟಿಪಿಟಕ್ಕೆನ್ನಲಿಲ್ಲ. ನನ್ನ ಕಿವಿಯಲ್ಲಿ ಮಾತ್ರ ಗುಂಯ್ ಎಂದಿತು. ಶಾಂತಾ ಒಲೆಯ ಮುಂದೆ ಕೂತು, "ಇಷ್ಟ ಊದೂದಿದ್ರ ಈ ಒಲಿಯರ ಊದ್ರಿ, ಹಸಿ ಕಟಗಿ ಅದಾವು" ಎಂದಳು.

ಮೂರನೆಯ ದಿನ ಸಂಜೆ, ಎಲ್ಲ ಆಸೆ ಬಿಟ್ಟು ಒಮ್ಮೆ ಜೋರಾಗಿ ಊದಿದಾಗ, ಸ್ವರ ಬಂತು. ಅದನ್ನು ಸ್ವರ ಎನ್ನುವುದು ನನ್ನ ಅಭಿಮಾನ. ಪಕ್ಕದ ಮನೆಯ ನಾಗವ್ವನ ಎಮ್ಮೆ ಹಗ್ಗ ಹರಿದುಕೊಂಡು ಅಥಣಿ ರಸ್ತೆ ಹಿಡಿಯಿತು. ಓಣಿಯ ಹೆಂಗಸರೆಲ್ಲ ನಮ್ಮ ಬಾಗಿಲಿಗೆ ಬಂದರು. ಸನಾದಿಯ ಸದ್ದು ಕೇಳಿದ ಮೇಲೆ ಮನೆಯಲ್ಲಿ ಲಗ್ನ ಇರಲೇಬೇಕಲ್ಲ!

"ಯಾರ ಲಗ್ನ ಬೇ ಶಾಂತವ್ವಾ? ಒಂದ ಮಾತ ಹೇಳಲಿಲ್ಲ?" ಎಂದು ಒಬ್ಬಳು ಮುನಿಸಿಕೊಂಡಳು.

"ಲಗ್ನ ಯಾರದೂ ಇಲ್ಲ ಯವ್ವಾ, ನಮ್ಮನಿಯಾವ್ರು ಕಲ್ಯಾಕತ್ತಾರ" ಎಂದಳು ಶಾಂತಾ.

ನಾಗವ್ವ ಎಮ್ಮೆಯ ಹಿಂದೆ ಓಡುತ್ತ ಕೂಗಿದಳು: "ಮಾಸ್ತರ, ಕಲಿಯೂದಿದ್ರ ಊರ ಹೊರಗ ಹೋಗಿ ಕಲೀರಿ! ನಾಳಿಗೆ ಹಾಲ ಕೇಳಾಕ ಬರಬ್ಯಾಡ್ರಿ!"

ಮುಂದಿನ ರವಿವಾರ ಮತ್ತೆ ವಿಜಾಪುರ. ಅದೃಷ್ಟಕ್ಕೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಕಾಕಾ, ಫೌಜದಾರರು, ಅಜ್ಜಿ, ಎಮ್ಮೆ, ಒಂದನ್ನೂ ಬಿಡಲಿಲ್ಲ. ಮುದುಕ ನಗಲಿಲ್ಲ. ಒಳಗೆ ಹೋಗಿ ಒಂದು ಕರಿಯ ಕೊಳವೆ ತಂದಿಟ್ಟ. ಆಕಾರ ಸನಾದಿಯದೇ. ಆದರೆ ಮೈಮೇಲೆ ಒಂದೂ ತೂತಿಲ್ಲ!

"ಶ್ರುತಿ ಹಿಡಿಯೂದು ಅಂದ್ರ ಇದ ರೀ ಮಾಸ್ತರ. ಮೊದಲ ಹೇಳಬಾರದ? ಇದಕ್ಕ ಬೆರಳ ಬ್ಯಾಡ, ತಾಳ ಬ್ಯಾಡ. ಬರೋದು ಒಂದ ಸ್ವರ. ದಮ್ಮೊಂದ ಬೇಕು."

ದೊಡ್ಡ ಸನಾದಿಯನ್ನು ವಾಪಸು ತೆಗೆದುಕೊಂಡು, ಉಳಿದ ರೊಕ್ಕವನ್ನೂ ಎಣಿಸಿ ಕೈಗಿಟ್ಟ. ಬುದ್ಧಿಗೂ ಕಿಸೆಗೂ ಇಷ್ಟು ಒಪ್ಪುವ ವಾದ್ಯ ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ತಪ್ಪು ಮಾಡಬೇಕೆಂದರೂ ಅದರಲ್ಲಿ ಜಾಗವಿಲ್ಲ! ಆದರೆ ದಮ್ಮು ಎಂದರೇನು ಎಂದು ಮುದುಕ ವಿವರಿಸಿದಾಗ ಹಿಗ್ಗು ಇಳಿಯಿತು. ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಳ್ಳಬೇಕು. ಆ ಗಾಳಿ ಬಾಯಿಂದ ಹೊರಗೆ ಹೋಗುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಒಳಗೆ ಎಳೆಯಬೇಕು. ಏಳು ತೂತಿನ ಸನಾದಿಯವನಾದರೂ ನಡುನಡುವೆ ನಿಂತು ಉಸಿರಾಡಬಹುದು. ಶ್ರುತಿಯವನಿಗೆ ಆ ಭಾಗ್ಯವೂ ಇಲ್ಲ.

"ಬಟ್ಟಲದಾಗ ನೀರ ಹಾಕ್ರಿ. ಪಪ್ಪಾಯಿ ದಂಟ ಇಟ್ಟು ಊದ್ರಿ. ಗುಳ್ಳಿ ನಿಲ್ಲಬಾರದು" ಎಂದ.

ಹದಿನೈದು ದಿನ ನಾನು ಬಟ್ಟಲಲ್ಲಿ ಗುಳ್ಳೆ ಬಿಟ್ಟೆ. ಶಾಂತಾ ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ಕಣ್ಣು ಕತ್ತಲೆ. ಇಪ್ಪತ್ತೈದಕ್ಕೆ ನೀರು ಮೂಗಿಗೆ. ಮದುವೆಯ ಮಂತ್ರಕ್ಕೆ ಕಡಿಮೆಯೆಂದರೂ ಐದು ನಿಮಿಷ ಬೇಕು! ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ಗಲ್ಲ ಉಬ್ಬಿಸಿಕೊಂಡೇ ಇದ್ದುದರಿಂದ ಹೆಡ್‌ಮಾಸ್ತರರು ಹಲ್ಲುನೋವಿಗೆ ಲವಂಗ ಕೊಟ್ಟರು. ನನಗೆ ಅನ್ನ ಸೇರುತ್ತಿರಲಿಲ್ಲ. ಅಕ್ಕಿ ಕಂಡರೆ ಅಜ್ಜಿಯ ಸೆರಗು ನೆನಪಾಗುತ್ತಿತ್ತು.

ಲಗ್ನದ ಹಿಂದಿನ ದಿನ ಬಬಲೇಶ್ವರ ಮುಟ್ಟಿದೆವು. ಮಾವನವರು ನನ್ನನ್ನು ನೇರ ಸನಾದಿಯವರ ಹಿರಿಯ ದುರ್ಗಪ್ಪನ ಮುಂದೆ ಕೂರಿಸಿ, "ಒಂದೀಟ ಊದಿ ತೋರಸ್ರಿ ಅಳಿಯಂದ್ರ" ಎಂದರು. ಊದಿದೆ. ಸ್ವರ ಹೊರಟಿತು, ಕುಂಟಿತು, ಬಿಕ್ಕಿತು, ನಿಂತಿತು. ದುರ್ಗಪ್ಪ ಸ್ವಲ್ಪ ಹೊತ್ತು ಆಕಾಶ ನೋಡಿದ.

"ಭಾಳ ಚೊಲೊ ಅದ ರೀ..." ಎಂದು ಉಸಿರೆಳೆದು, "ವಾದ್ಯ" ಎಂದ. ಆಮೇಲೆ, "ಗರಿ ನೆನೀಬೇಕು, ನನ್ನ ಕಡೆ ಇರಲಿ" ಎಂದು ಕೊಳವೆಯನ್ನು ತೆಗೆದುಕೊಂಡ. ಮಾವನವರು ಮೀಸೆಯನ್ನು ಒಮ್ಮೆ ತಿರುವಿದರು. ಅವರು ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹಂದರದಲ್ಲಿ ಕೂತೆ. ದುರ್ಗಪ್ಪ ಕೊಳವೆಯನ್ನು ನನ್ನ ಕೈಗೆ ತಿರುಗಿ ಕೊಟ್ಟು ಎಡಕ್ಕೆ ಕೂತ, ಬೆನ್ನ ಹಿಂದೆ ಒಂದು ಪರದೆ. ಎದುರಿಗೆ ಮೂರು ಮೊಳ ದೂರದಲ್ಲಿ ಕನಮಡಿಯ ಅಜ್ಜಿ, ಮುಷ್ಟಿಯಲ್ಲಿ ಅಕ್ಕಿಕಾಳು, ಕಣ್ಣು ನನ್ನ ಗಲ್ಲದ ಮೇಲೆ. ಅವಳು ವಧುವನ್ನು ನೋಡಲಿಲ್ಲ, ವರನನ್ನೂ ನೋಡಲಿಲ್ಲ. ಬಾಸಿಂಗದ ಕೆಳಗೆ ನೀಲಾ ಮಾತ್ರ ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿದ್ದ ನಂಬಿಕೆ ಕಂಡು ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು.

ಅಯ್ಯನವರು ಮಂತ್ರ ಎತ್ತಿದರು. ದುರ್ಗಪ್ಪ ಕಣ್ಸನ್ನೆ ಮಾಡಿದ. ಊದಿದೆ. ಸನಾದಿ, ಸಂಬಾಳದ ಬಡಿತ, ಜನರ ಗದ್ದಲ, ಇದೆಲ್ಲದರ ತಳದಲ್ಲಿ ಒಂದು ಸ್ವರ ಗಟ್ಟಿಯಾಗಿ, ನೆಟ್ಟಗೆ ನಿಂತಿತು. ನನ್ನದೇ! ಇಷ್ಟು ಚೆನ್ನಾಗಿ ನಾನು ಬಟ್ಟಲಲ್ಲಿ ಕೂಡ ಊದಿರಲಿಲ್ಲ. ಮೊದಲ ಶ್ಲೋಕ ಮುಗಿಯಿತು. ಎರಡನೆಯದರ ನಡುವೆ ಹಂದರ ತಿರುಗಲು ಶುರುವಾಯಿತು. ಮೂರನೆಯದರಲ್ಲಿ ಅಜ್ಜಿ ಇಬ್ಬರಾದಳು. ಇಬ್ಬರ ಮುಷ್ಟಿಯಲ್ಲೂ ಅಕ್ಕಿಕಾಳು! ಅಯ್ಯನವರಿಗೆ ಅಂದು ಹುರುಪು ಬಂದಿತ್ತು, ನಾಲ್ಕನೆಯದನ್ನು ರಾಗವಾಗಿ ಎಳೆದರು. ಎಳೆದರು. ಇನ್ನೂ ಎಳೆದರು.

ಅಲ್ಲಿ ನನ್ನ ಉಸಿರು ಮುಗಿಯಿತು. ಗಲ್ಲದಲ್ಲಿ ಗಾಳಿಯಿಲ್ಲ, ಎದೆಯಲ್ಲಿಲ್ಲ, ಮೂಗು ಮುಚ್ಚಿಹೋಗಿದೆ. ನೀಲಾಳ ಬಾಳು ನನ್ನ ಬಾಯಲ್ಲೇ ಮುರಿಯಿತು ಎಂದು ಕಣ್ಣು ಮುಚ್ಚಿದೆ. ಬಂಡಿ ಹೂಡುವ ಸದ್ದಿಗಾಗಿ ಕಾದೆ.

ಸ್ವರ ನಿಲ್ಲಲಿಲ್ಲ!

ಗಟ್ಟಿಯಾಗಿ, ನೆಟ್ಟಗೆ, ಹಾಗೇ ನಡೆದಿತ್ತು. ನಾನು ಸತ್ತಿರಬೇಕು, ವಾದ್ಯ ಬದುಕಿರಬೇಕು ಎಂದುಕೊಂಡೆ. ಬುದ್ಧಿ ಕೆಲಸ ಮಾಡದಿದ್ದರೂ ಹೆದರಿಕೆ ಮಾಡಿತು. ತಟ್ಟನೆ ಗಲ್ಲ ಉಬ್ಬಿಸಿ, ಕೊಳವೆಯನ್ನು ಕಚ್ಚಿಕೊಂಡು, ಊದುವವನ ಹಾಗೆ ಕೂತೆ. ಮಂತ್ರ ಮುಗಿಯಿತು. ಅಜ್ಜಿ ಮುಷ್ಟಿ ಬಿಚ್ಚಿದಳು. ಅಕ್ಕಿಕಾಳು ನೀಲಾಳ ತಲೆಯ ಮೇಲೆ ಬಿತ್ತು. ನನಗೆ ಅಳುವೇ ಬಂತು.

"ಎಂಥಾ ದಮ್ಮ ಯಪ್ಪಾ ನಿಂದು! ನಮ್ಮ ಮನಿತಾನದಾಗ ಇಂಥಾ ಶ್ರುತಿ ನಾ ಕೇಳೇ ಇಲ್ಲ" ಎಂದು ಅಜ್ಜಿ ಎಲ್ಲರ ಮುಂದೆ ನನಗೆ ದೃಷ್ಟಿ ತೆಗೆದಳು. ಶ್ರುತಿ ಹಿಡಿದವನಿಗೆ ರುಮಾಲು ಸುತ್ತುವುದೂ ಅವರ ಪದ್ಧತಿ. ಮಾವನವರೇ ಗುಲಾಬಿ ರುಮಾಲು ತಂದು ನನ್ನ ತಲೆಗೆ ಸುತ್ತತೊಡಗಿದರು. ಮೂರನೆಯ ಸುತ್ತಿಗೆ ಅವರ ಮೀಸೆ ನನ್ನ ಕಿವಿಗೆ ತಾಗಿತು.

"ನಿಮಗ ಕೊಟ್ಟದ್ದು ಸೀಳಿದ ಗರಿ. ಸಪ್ಪಳ ಬರಬಾರದಂತ ನಾನ ಹಾಕಸೇನಿ" ಎಂದು ಪಿಸುಗುಟ್ಟಿದರು. "ನಗ್ರಿ ಅಳಿಯಂದ್ರ, ಮುದುಕಿ ನೋಡಾಕತ್ತಾಳ."

ನಾನು ನಕ್ಕೆ.

ಊಟದ ಗದ್ದಲದಲ್ಲಿ ಪರದೆಯ ಹಿಂದೆ ಹೋಗಿ ನೋಡಿದೆ. ದುರ್ಗಪ್ಪನ ತಮ್ಮ ಇನ್ನೊಂದು ತೂತಿಲ್ಲದ ಸನಾದಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ. ನಾಚಿಕೆಯಿಂದ ನನ್ನ ಮುಖ ರುಮಾಲಿನ ಬಣ್ಣಕ್ಕೆ ತಿರುಗಿತು. ಅದನ್ನು ಬಿಚ್ಚಿ ಅವನ ಕೈಗೆ ಕೊಡಹೋದೆ. "ಇದು ನಿಂದಪ್ಪಾ, ತಗೋ."

ಅವನು ರುಮಾಲನ್ನು ನೋಡಿದ. ಒಂದು ಕೈಯಿಂದ ಹಂದರದ ಕಂಬವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದ ನನ್ನನ್ನೂ ನೋಡಿದ.

"ಬ್ಯಾಡ್ರಿ ಮಾಸ್ತರ, ನೀವ ಇಟಗೋರಿ" ಎಂದ. "ನಂದು ಬರೇ ಉಸರ ಹೋತು. ನಿಮ್ಮದು ಜೀವಾನ ಹೋಗಿತ್ತು."

ಮರುಮಾತಾಡದೆ ಸುತ್ತಿಕೊಂಡೆ!