ಹಿಮದ ಗಿಡಕ್ಕೆ ಗುಂಡುಸೂಜಿ

ದರ್ಜಿ ಆ ಗಿಡಕ್ಕೆ ಗುಂಡುಸೂಜಿ ಚುಚ್ಚಿದ್ದು ಬೇಕಂತಲ್ಲ. ಮೇಜಿನ ಮೇಲೆ ಮೆತ್ತಗೆ, ಗುಂಡಗೆ ಏನಾದರೂ ಕೂತಿದ್ದರೆ ಅವನ ಕೈ ತಾನಾಗಿಯೇ ಅದಕ್ಕೆ ಸೂಜಿ ಚುಚ್ಚುತ್ತಿತ್ತು. ಕಸುಬು ಕಲಿಸಿದ ಚಾಳಿ.

ಗಿಡವನ್ನು ಬೆಳಗ್ಗೆ ತಂದಿಟ್ಟವನು ಅವನ ಭಾವ, ಅಂದರೆ ಹೆಂಡತಿಯ ಅಣ್ಣ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಮದುವೆ ಕೋಟಿನ ಒಂದು ತೋಳು ಗಿಡ್ಡವಾಯಿತೆಂದು ದರ್ಜಿಯ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಂಥವನು ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಕಂಡು ತಂಗಿಗೆ ಕಣ್ಣು ತುಂಬಿ ಬಂತು.

ಇದು ಮರಗಳೇ ಬೆಳೆಯಲಾರದಷ್ಟು ಎತ್ತರದ ಬೆಟ್ಟದ ಗಿಡ ಎಂದು ಭಾವ ವಿವರಿಸಿದ. ಅಲ್ಲಿನ ಗಾಳಿಗೆ ತಲೆ ಎತ್ತಿದ್ದು ಯಾವುದೂ ಉಳಿಯುವುದಿಲ್ಲ. ಅದಕ್ಕೇ ಇದರ ಪುಟ್ಟ ಎಲೆಗಳೆಲ್ಲ ಚಳಿಗೆ ಮುದುರಿದ ಕುರಿಮಂದೆಯಂತೆ ಒತ್ತೊತ್ತಾಗಿ ಕೂತು ಉಂಡೆಯಾಗಿವೆ. ಮುಷ್ಟಿಯಷ್ಟಾಗಲು ಅರ್ಧ ಆಯುಷ್ಯ ಹಿಡಿಯುತ್ತದೆ. ಸಂಜೆ ಸಸ್ಯಪ್ರಿಯರ ಸಂಘದವರು ನೋಡಲು ಬರುತ್ತಾರೆ. ಅಲ್ಲಿಯವರೆಗೆ ಬಿಸಿಲು ಬೀಳದ ಈ ಅಂಗಡಿಯೇ ಅದಕ್ಕೆ ತಂಪು.

"ಇದು ಸಂಘದ ಸೊತ್ತು. ಇನ್ನು ಜವಾಬ್ದಾರಿ ನಿಮ್ಮದು, ಭಾವ" ಎಂದು ಎರಡೆರಡು ಸಲ ಹೇಳಿ, ಪಕ್ಕದ ಸಲೂನಿನವನಿಗೂ ಅದು ಕೇಳಿಸಿತೆಂದು ಖಾತ್ರಿ ಮಾಡಿಕೊಂಡು ಹೋದ.

ಆಮೇಲೆ ಬಂದ ಗಿರಾಕಿಯ ಪ್ಯಾಂಟು ಸೊಂಟದಲ್ಲಿ ಸಡಿಲವಿತ್ತು. ದರ್ಜಿ ಅಳತೆ ಹಿಡಿದು, ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಚುಚ್ಚುತ್ತಾ ಹೋದ. ಗಿರಾಕಿ ಹೋದ ಮೇಲೆ ನೋಡಿದರೆ ಗಿಡ ಮುಳ್ಳುಹಂದಿಯ ಮರಿಯಾಗಿತ್ತು. ಗಾಬರಿಯಲ್ಲಿ ಸೂಜಿ ಕಿತ್ತ. ಸೂಜಿಯ ಜೊತೆ ಗುಂಡಿಯಗಲದ ಹಸಿರೂ ಕಿತ್ತು ಬಂತು.

ಸಲೂನಿನವನು ಬಾಗಿಲಲ್ಲೇ ನಿಂತಿದ್ದ. ತಲೆಯಲ್ಲಿ ಒಂದು ಕಡೆ ಕೂದಲುದುರಿದರೆ ಸುತ್ತಲಿನದನ್ನು ಸಣ್ಣಗೆ ಕತ್ತರಿಸಬೇಕು, ಗೊತ್ತೇ ಆಗುವುದಿಲ್ಲ ಎಂದ. ದರ್ಜಿ ಬೇಡವೆನ್ನುವಷ್ಟರಲ್ಲಿ ಕತ್ತರಿ ಆಡತೊಡಗಿತು. ಎಡಗಡೆ ಹೆಚ್ಚಾಯಿತೆಂದು ಬಲಗಡೆ, ಬಲಗಡೆ ಹೆಚ್ಚಾಯಿತೆಂದು ಎಡಗಡೆ. ಮಂಗನ ಕೈಗೆ ಸಿಕ್ಕ ಹುಣ್ಣಿನಂತೆ ಗುಂಡಿಯಗಲದ ತೂತು ಅಂಗೈಯಗಲವಾಯಿತು.

ಎದುರಿನ ಮೀನಿನಂಗಡಿಯಾಕೆ ಬಂದು ನೋಡಿ ಇಬ್ಬರನ್ನೂ ಬೈದಳು. ಹಿಮದಲ್ಲಿ ಬೆಳೆದದ್ದನ್ನು ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟುಕೊಂಡರೆ ಬದುಕೀತೇ ಎಂದು ಕೇಳಿ, ಒಂದು ಬುಟ್ಟಿ ಮಂಜುಗಡ್ಡೆ ತಂದು ಅದರ ಮೇಲೆ ಸುರಿದಳು. ಮಂಜು ಕರಗಿ ಹಸಿರು ನೀರು ಹರಿಯಿತು. ಜೀವರಸವೆಲ್ಲ ಸೋರಿಹೋಯಿತೆಂದು ದರ್ಜಿ ತಲೆಯ ಮೇಲೆ ಕೈ ಹೊತ್ತು ಕೂತ. ಮಂಜುಗಡ್ಡೆಯ ಮೀನಿನ ವಾಸನೆ ಹಿಡಿದು ಬಂದ ಬೆಕ್ಕು ಉಳಿದದ್ದನ್ನು ಕೆದಕಿ, ಕಚ್ಚಿ, ಮೋರಿಗೆ ಉರುಳಿಸಿತು.

ಕುಂಡದಲ್ಲಿ ಬರೀ ಜಲ್ಲಿ ಉಳಿದಿತ್ತು. ಹೆಂಡತಿ ಒಳಗೆ ಅಣ್ಣನಿಗೆಂದು ಅಡುಗೆ ಮಾಡುತ್ತಿದ್ದಳು.

ದರ್ಜಿ ಅಂಗಡಿಯ ಬಾಗಿಲು ಎಳೆದುಕೊಂಡ. ಹಸಿರು ಮಖಮಲ್ಲಿನ ತುಂಡು ತೆಗೆದು ಹತ್ತಿ ತುಂಬಿ ಉಂಡೆ ಮಾಡಿದ. ಅದರ ಮೇಲೆ ಎಲೆಗೊಂದು ಗಂಟಿನಂತೆ ಹಸಿರು ದಾರದ ಕಸೂತಿ ಹಾಕುತ್ತಾ ಕೂತ. ಊಟಕ್ಕೂ ಏಳಲಿಲ್ಲ. ಬಾಗಿಲು ಬಡಿದ ಗಿರಾಕಿಗಳಿಗೆ ಹೊಟ್ಟೆನೋವೆಂದ. ಅಂಥ ಕೆಲಸ ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಕೊನೆಗೆ ಅದನ್ನು ಜಲ್ಲಿಯಲ್ಲಿ ಹೂತು, ಯಾರೂ ಮುಟ್ಟದಿರಲೆಂದು ಮೇಲೊಂದು ಗಾಜಿನ ಭರಣಿ ಕವುಚಿದ.

ಸಂಜೆ ಭಾವ ಬಂದ. ಜೊತೆಯಲ್ಲಿ ಸಂಘದ ಅಧ್ಯಕ್ಷೆ, ದಪ್ಪ ಕನ್ನಡಕದ ಮುದುಕಿ. ಭಾವ ಮೆಟ್ಟಿಲ ಮೇಲಿಂದಲೇ ಶುರು ಮಾಡಿದ. "ಏನು ಮಾಡಿಬಿಟ್ರಿ ಭಾವ, ನಂಬಿ ಕೊಟ್ಟಿದ್ನಲ್ಲ..." ಅಷ್ಟರಲ್ಲಿ ಭರಣಿ ಕಣ್ಣಿಗೆ ಬಿತ್ತು. ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಅಧ್ಯಕ್ಷೆ ಬಗ್ಗಿ ಸುತ್ತಲೂ ನೋಡಿದರು. ಬೆಟ್ಟದ ಮೇಲೂ ಇಷ್ಟು ಸೊಂಪಾದದ್ದನ್ನು ತಾವು ಕಂಡಿಲ್ಲ ಎಂದರು. ಭಾವ ದರ್ಜಿಯ ರಟ್ಟೆ ಹಿಡಿದು ಬಟ್ಟೆ ಬದಲಿಸುವ ಪರದೆಯ ಹಿಂದಕ್ಕೆ ಎಳೆದುಕೊಂಡು ಹೋದ.

"ನಿಜ ಹೇಳಿ. ಅದು ನನ್ನ ಮನೇಲಿ ಹೋದ ವಾರವೇ ಸತ್ತಿತ್ತು. ಬಣ್ಣ ಬಳಿದು ತಂದಿದ್ದೆ. ತಪ್ಪು ನಿಮ್ಮ ತಲೆಗೆ ಕಟ್ಟೋಣ ಅಂತಿದ್ದೆ, ಕ್ಷಮಿಸಿ. ಹೇಗೆ ಬದುಕಿಸಿದ್ರಿ?" ಎಂದು ಪಿಸುಗುಟ್ಟಿದ.

ದರ್ಜಿ ಬಾಯಿ ತೆರೆದ. ಪರದೆಯ ಸಂದಿಯಲ್ಲಿ ಹೆಂಡತಿ ಕಂಡಳು. ಅಣ್ಣ ಗಂಡನ ಕೈ ಹಿಡಿದು ನಿಂತದ್ದನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿಜ ಹೇಳಿದರೆ ಮಾತು ಮತ್ತೆ ನಿಲ್ಲುತ್ತದೆ. ಸಂಘದಲ್ಲಿ ಭಾವನ ಮಾನವೂ ಹೋಗುತ್ತದೆ.

"ಜಾಗ ಬದಲಾಯ್ತಲ್ಲ, ಅದಕ್ಕೇ ಇರಬೇಕು" ಎಂದ.

ಆ ಮಾತು ಅಧ್ಯಕ್ಷೆಗೂ ಕೇಳಿಸಿತು. ಮರುದಿನ ಬೆಳಗ್ಗೆ ದರ್ಜಿ ಬಾಗಿಲು ತೆರೆದರೆ ಮೆಟ್ಟಿಲ ತುಂಬ ಕುಂಡಗಳು. ಕೆಳನಾಡಿನ ಸೆಕೆಗೆ ಬಾಡಿದ ಸಂಘದ ಅಷ್ಟೂ ಬೆಟ್ಟದ ಗಿಡಗಳು ಅಲ್ಲಿದ್ದವು. ಒಂದು ಮೈತುಂಬ ಬಿಳಿ ತುಪ್ಪುಳ ಹೊದ್ದದ್ದು, ಇನ್ನೊಂದು ತನ್ನ ತೆಳು ಎಲೆಗಳನ್ನೇ ಶಾಲಿನಂತೆ ಸುತ್ತಿಕೊಂಡದ್ದು, ಮತ್ತೊಂದು ಕಲ್ಲಿಗೆ ಚಾಪೆಯಂತೆ ಅಂಟಿಕೊಂಡದ್ದು. ಎಲ್ಲ ಸಾವಿನಂಚಿನಲ್ಲಿ. ಭಾನುವಾರ ಬಂದು ನೋಡುವುದಾಗಿ ಅಧ್ಯಕ್ಷೆ ಹೇಳಿ ಕಳಿಸಿದ್ದರು. ಹೆಂಡತಿ ಹೆಮ್ಮೆಯಿಂದ ಕತ್ತರಿಸುವ ಮೇಜನ್ನು ಆಗಲೇ ಖಾಲಿ ಮಾಡಿದ್ದಳು.

ದರ್ಜಿ ಕೊರಳಿನ ಟೇಪು ತೆಗೆದು, ತುಪ್ಪುಳದ ಗಿಡದ ಮುಂದೆ ಮಂಡಿಯೂರಿ, ಅದರ ಎದೆಯ ಸುತ್ತಳತೆ ತೆಗೆದುಕೊಂಡ.