ಇರಲಿ, ಆಪತ್ತಿಗಾಗುತ್ತೆ

ಕೆಲವರನ್ನು ಕಂಡರೆ ನಾಯಿಗಳಿಗೆ ಆಗುವುದಿಲ್ಲ, ಕೆಲವರ ಚಪ್ಪಲಿ ದೇವಸ್ಥಾನದಲ್ಲಿ ಉಳಿಯುವುದಿಲ್ಲ. ನನ್ನ ಹಣೆಯಲ್ಲಿ ಬರೆದಿರುವುದು ದಿನಸಿ. ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯ ಉಗ್ರಾಣ ನೋಡಿಕೊಂಡವನು ನಾನು. ನಿವೃತ್ತಿಯಾದರೂ ಕಪಾಟಿನಲ್ಲಿ ಜಾಗ ಖಾಲಿ ಕಂಡರೆ ಸಂಕಟವಾಗುತ್ತದೆ. ಜೆ.ಪಿ. ನಗರದಲ್ಲಿ ಒಂದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಒಬ್ಬನೇ ಇದ್ದೇನೆ. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು, ಮಕ್ಕಳಿಲ್ಲ. ಒಂದು ಹೊಟ್ಟೆಗೆ ಇಪ್ಪತ್ತೈದು ಕೆಜಿ ಅಕ್ಕಿ ಯಾಕೆ ಅಂತ ಯಾರಾದರೂ ಕೇಳಿದರೆ, "ಇರಲಿ, ಆಪತ್ತಿಗಾಗುತ್ತೆ" ಅನ್ನುತ್ತೇನೆ.

ಅದು ಸುಳ್ಳು. ಅಕ್ಕಪಕ್ಕದವರು ಯಾರಾದರೂ ಬಂದು ಬಾಗಿಲು ತಟ್ಟಿ, "ಒಂಚೂರು ಸಕ್ಕರೆ ಇದೆಯಾ?" ಅಂತ ಕೇಳಲಿ ಅನ್ನುವುದೇ ನನ್ನ ಆಸೆ. ಹೆಂಡತಿ ಇದ್ದಾಗ ದಿನಕ್ಕೆ ನಾಲ್ಕು ಜನ ಬರುತ್ತಿದ್ದರು. ಈಗ ಎಲ್ಲರ ಫೋನಿನಲ್ಲೂ ಹತ್ತು ನಿಮಿಷಕ್ಕೆ ಸಾಮಾನು ತಂದುಕೊಡುವ ಆ್ಯಪ್ ಇದೆ.

ಹನ್ನೆರಡು ಟಾರ್ಚು

ಈ ಬುದ್ಧಿ ಕಚೇರಿಯಿಂದಲೇ ಬಂದದ್ದು. ಕರೆಂಟು ಹೋದರೆ ಇರಲಿ ಅಂತ ಹನ್ನೆರಡು ಟಾರ್ಚು ತರಿಸಿ ಉಗ್ರಾಣದಲ್ಲಿ ಬೀಗ ಹಾಕಿ ಇಟ್ಟಿದ್ದೆ. ಒಂದು ದಿನ ಮೋಡ ಕವಿದು ಮಧ್ಯಾಹ್ನವೇ ಕತ್ತಲಾಯಿತು, ಕರೆಂಟೂ ಹೋಯಿತು. ಸಾಹೇಬರು ಕೂಗಿದರು. ನಾನು ಓಡಿದೆ. ನನ್ನ ಗೊಂಚಲಿನಲ್ಲಿ ನಲವತ್ತು ಬೀಗದ ಕೈ. ಯಾವುದು ಉಗ್ರಾಣದ್ದು ಅಂತ ಕತ್ತಲಲ್ಲಿ ಒಂದೊಂದನ್ನೇ ತೂರಿಸುತ್ತಾ ನಿಂತೆ. ಬೀಗ ತೆರೆಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು.

"ಏನ್ರೀ ಇದು, ಇನ್ಮೇಲೆ ಬೆಳಕಿರೋವಾಗಲೇ ಒಂದೊಂದು ಟಾರ್ಚ್ ಎಲ್ಲರಿಗೂ ಕೊಟ್ಟಿಡ್ರಿ," ಅಂದರು ಸಾಹೇಬರು.

"ಹಾಗೆ ಕೊಡೋಕೆ ರೂಲ್ಸಲ್ಲಿ ಇಲ್ಲ ಸಾರ್," ಅಂದೆ. "ಮೊದಲು ಕತ್ತಲಾಗ್ಬೇಕು."

ಸೋರದ ಸೂರು

ಒಂದು ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ಬಂದ ದಿನ ಮನೆಯಲ್ಲಿದ್ದ ಬಕೆಟ್ಟು, ಕೊಳಗ, ಕುಕ್ಕರು, ಕೊನೆಗೆ ಒಗ್ಗರಣೆ ಸೌಟಿನವರೆಗೂ ನೀರು ತುಂಬಿ ಹಾಲಿನ ತುಂಬಾ ಸಾಲಾಗಿ ಇಟ್ಟೆ. ಮನೆಯೊಳಗೆ ಓಡಾಡಲು ಕುಂಟೆಬಿಲ್ಲೆ ಆಡಬೇಕಾಗಿತ್ತು. ಮಾರನೆಯ ದಿನ ಒಂದು ಅಡ್ಡಮಳೆ ಬಿತ್ತು. ಅದರ ಮರುದಿನ ಮನೆ ಮಾಲೀಕರು ಬಂದರು. ಕೋಣನಕುಂಟೆಯಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ, ಒಳ್ಳೆಯ ಮನುಷ್ಯ. ಹಾಲಿನಲ್ಲಿದ್ದ ಪಾತ್ರೆಗಳನ್ನು ನೋಡಿದರು, ತಲೆ ಎತ್ತಿ ಸೂರು ನೋಡಿದರು.

"ಅಲ್ಲ ಸಾರ್, ಮನೆ ಈ ಪಾಟಿ ಸೋರ್ತಾ ಐತೆ, ಒಂದು ಮಾತು ಹೇಳ್ಬಾರ್ದಾ! ನಾಳೆನೇ ಇಬ್ರು ಗಾರೆ ಕೆಲಸದೋರ್ನ ಕಳಿಸ್ತೀನಿ."

ನಿಜ ಹೇಳೋಣ ಅಂತ ಬಾಯಿ ತೆರೆದೆ. ಇಬ್ಬರು! ಬೆಳಗಿನಿಂದ ಸಂಜೆವರೆಗೆ! ತೆರೆದ ಬಾಯಿ ಮುಚ್ಚಿಕೊಂಡೆ.

ಮೂರು ದಿನ ಬಂದರು. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಮಾಡಿ ಹಾಕಿದೆ. ನನ್ನ ಮಾತಿಗೂ ಕಿವಿಗಳು ಸಿಕ್ಕಿದವು. "ಎಲ್ಲಿ ಸೋರೋದು ಸಾರ್?" ಅಂತ ಕೇಳಿದಾಗಲೆಲ್ಲ ಒಂದು ಹೊಸ ಜಾಗ ತೋರಿಸಿದೆ. ಅವರು ತಾರಸಿ ಹತ್ತಿ ಅಲ್ಲಲ್ಲೇ ಅಗೆದರು, ಮೆತ್ತಿದರು, ಹೋದರು. ಮುಂದಿನ ಮಳೆಗೆ ಮನೆ ಸೋರತೊಡಗಿತು, ನಾನು ತೋರಿಸಿದ ಜಾಗಗಳಲ್ಲೇ. ಪುಣ್ಯಕ್ಕೆ ಪಾತ್ರೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ.

ಬಂದ್ ಊಟ

ಒಮ್ಮೆ ಬಂದ್ ಅಂತ ಸುದ್ದಿಯಾಯಿತು. ಅಂಗಡಿ ಇಲ್ಲ, ಹಾಲಿಲ್ಲ ಅಂತ ಟಿವಿಯವರು ಕೂಗುತ್ತಿದ್ದರು. ನನ್ನ ಕಾಲ ಬಂತು ಅಂದುಕೊಂಡೆ. ಹಿಂದಿನ ದಿನವೇ ಆರು ಲೀಟರ್ ಹಾಲು ತಂದೆ. ಬಂದ್ ದಿನ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಬಾಗಿಲು ತೆರೆದಿಟ್ಟು ಕೂತೆ. ಎಂಟಾಯಿತು, ಒಂಬತ್ತಾಯಿತು. ಮೆಟ್ಟಿಲ ಮೇಲೆ ಸದ್ದಾಯಿತು. ಎದ್ದು ನಿಂತೆ. ಡೆಲಿವರಿಯವನು ಎದುರು ಮನೆಗೆ ಹಾಲು ತಂದಿದ್ದ.

"ಏನಪ್ಪಾ, ಇವತ್ತು ಬಂದ್ ಅಲ್ವಾ?"

"ಬಂದ್ ಅಂತಾನೇ ಆರ್ಡರ್ ಸಖತ್ ಜಾಸ್ತಿ ಸಾರ್," ಅಂತ ಇಳಿದು ಹೋದ.

ಆರು ಲೀಟರ್ ಹಾಲು ಚೆಲ್ಲಲು ಮನಸ್ಸು ಬರಲಿಲ್ಲ. ಶಾವಿಗೆಯೂ ಸಕ್ಕರೆಯೂ ಬೇಕಾದಷ್ಟಿದ್ದವು. ಮೂರು ದಿನ, ಮೂರು ಹೊತ್ತು, ಪಾಯಸ. ನಾಲ್ಕನೆಯ ದಿನ ತಲೆ ಸುತ್ತಿತು. ಡಾಕ್ಟರು ಶುಗರ್ ನೋಡಿ ಗಾಬರಿಯಾದರು. "ಏನ್ ಸಾರ್, ಯಾರ ಮದುವೆಗೆ ಹೋಗಿದ್ರಿ?"

"ಮದುವೆ ಅಲ್ಲ ಡಾಕ್ಟ್ರೇ, ಬಂದ್."

ಪತಂಗ

ಗೋಧಿಹಿಟ್ಟಿನಲ್ಲಿ ಹುಳ ಬಿದ್ದು, ಹುಳಕ್ಕೆ ರೆಕ್ಕೆ ಬಂದು, ಮನೆ ತುಂಬಾ ಪುಟ್ಟ ಪತಂಗಗಳಾದವು. ನಾನು ಓಡಿಸಲಿಲ್ಲ. ಟಿವಿ ಮುಂದೆ ಅವೂ ಕೂರುತ್ತಿದ್ದವು, ನಾನೂ ಕೂರುತ್ತಿದ್ದೆ. ಒಂದು ದಿನ ಕೆಳಗಿನ ಮನೆಯಾಕೆ ಮೇಲೆ ಬಂದರು. ನಾಲ್ಕು ತಿಂಗಳಲ್ಲಿ ನನ್ನ ಮನೆ ಹೊಸ್ತಿಲಿಗೆ ಬಂದ ಮೊದಲ ನೆರೆಯವರು. ನಾನು ಕಾಫಿಗೆ ನೀರಿಡಲು ಓಡಿದೆ.

"ಕಾಫಿ ಬೇಡ ಸಾರ್. ನಿಮ್ಮನೆ ಹುಳ ಕಿಟಕಿಯಿಂದ ನಮ್ಮನೆಗೆ ಬರ್ತಿವೆ. ದಿನಾ ಬರ್ತಿವೆ."

"ನಾನಂತೂ ಬರೋ ಹಾಗಿಲ್ಲ," ಅಂದೆ. "ಅವಾದ್ರೂ ಬರ್ಲಿ ಬಿಡಮ್ಮ."

ದೀಪ ಹಚ್ಚಿದ ಮೇಲೆ

ಕೊನೆಗೂ ಒಂದು ಸಂಜೆ ಬಾಗಿಲು ತಟ್ಟಿದ ಸದ್ದು. ಎದುರು ಮನೆಯ ಹುಡುಗಿ, ಹೊಸದಾಗಿ ಮದುವೆಯಾದವಳು, ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದಳು. ನನ್ನ ಕಣ್ಣಿಗೆ ಸಾಕ್ಷಾತ್ ದೇವಿ.

"ಅಂಕಲ್, ಒಂಚೂರು ಹೆಪ್ಪು ಇದೆಯಾ? ನಾಳೆ ನಮ್ಮತ್ತೆ ಬರ್ತಿದಾರೆ. ಪ್ಯಾಕೆಟ್ ಮೊಸರು ಹಾಕಿ ಹೆಪ್ಪು ಹಾಕಿದ್ರೆ ಲೋಳೆ ಲೋಳೆ ಆಗುತ್ತೆ. ಅವರು ಬಾಯಿಗಿಡಲ್ಲ."

ಇಪ್ಪತ್ತೈದು ಕೆಜಿ ಅಕ್ಕಿ ಇತ್ತು. ಐವತ್ತು ಬೆಂಕಿಪೊಟ್ಟಣ ಇತ್ತು. ಮೇಣದಬತ್ತಿ, ಉಪ್ಪು, ಹಪ್ಪಳ, ಒಂದು ಮದುವೆಗೆ ಸಾಲುವಷ್ಟು ಬ್ಯಾಡಗಿ ಮೆಣಸಿನಕಾಯಿ ಇತ್ತು. ನಾನು ಮೂರು ವರ್ಷ ಕಾದ ಮೇಲೆ ಕೇಳಿಕೊಂಡು ಬಂದ ಒಬ್ಬಳೇ ಒಬ್ಬಳಿಗೆ ಕೊಡಲು ಒಂದು ಚಮಚ ಮೊಸರಿರಲಿಲ್ಲ. ಇಲ್ಲ ಅಂದರೆ ಇನ್ನೊಮ್ಮೆ ಬರುತ್ತಾಳೆಯೇ? "ಕೂತ್ಕೊಳ್ಳಮ್ಮ, ಸ್ಟಾಕು ಕೆಳಗಿದೆ," ಅಂತ ಹೇಳಿ, ಬಟ್ಟಲು ಕಿತ್ತುಕೊಂಡು, ಮೆಟ್ಟಿಲಿಳಿದು ಕೆಳಗಿನ ಮನೆಗೆ ಓಡಿದೆ.

"ಅಮ್ಮ, ಒಂಚೂರು ಹೆಪ್ಪು ಕೊಡಿ, ಅರ್ಜೆಂಟು."

ಆಕೆ ನಗತೊಡಗಿದರು. "ಆ ಹುಡುಗೀಗಾ? ಅಯ್ಯೋ, ಅವಳನ್ನ ನಿಮ್ಮನೆಗೆ ಕಳಿಸಿದ್ದೇ ನಾನು ಸಾರ್! ದೀಪ ಹಚ್ಚಿದ ಮೇಲೆ ನಾವು ಹೆಪ್ಪು ಹೊರಗೆ ಕೊಡಲ್ಲ, ಲಕ್ಷ್ಮಿ ಹೋಗ್ತಾಳೆ. ಮೇಲಿನ ಮನೇಲಿ ದೀಪ ಹಚ್ಚೋರಿಲ್ಲ, ಅಲ್ಲಿ ಕೇಳು, ಯಾವಾಗ ಬೇಕಾದ್ರೂ ಕೊಡ್ತಾರೆ ಅಂದೆ."

ನಾನೂ ನಕ್ಕೆ. ಆಮೇಲೆ ಖಾಲಿ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ ನಿಂತೆ. ಹೆಂಡತಿ ಹೋದ ಮೇಲೆ ನಮ್ಮ ಮನೆಯಲ್ಲಿ ದೀಪ ಹಚ್ಚಿಲ್ಲ ಅನ್ನುವುದು ಕೆಳಗಿನ ಮನೆಯವರಿಗೆ ಗೊತ್ತಿತ್ತು, ನಾನೇ ಗಮನಿಸಿರಲಿಲ್ಲ. ಅದು ಆಕೆಗೂ ತಿಳಿಯಿತೋ ಏನೋ, ದನಿ ತಗ್ಗಿಸಿ ಅಂದರು, "ಒಣಮೆಣಸಿನಕಾಯಿ ತೊಟ್ಟು ಹಾಕಿದ್ರೂ ಹಾಲು ಹೆಪ್ಪಾಗುತ್ತೆ ಸಾರ್. ಮೆಣಸಿನಕಾಯಿ ಇದೆಯಾ?"

"ಎಷ್ಟು ಕೆಜಿ ಬೇಕು?" ಅಂದೆ.

"ನಾಲ್ಕು ತೊಟ್ಟು ಸಾಕು."

ಮಾರನೆಯ ದಿನ ಹುಡುಗಿ ಅತ್ತೆಯನ್ನೇ ಕರೆದುಕೊಂಡು ಬಂದು ಗಟ್ಟಿ ಮೊಸರು ತೋರಿಸಿದಳು. ಅಂದಿನಿಂದ ನಾನು ದಿನಾ ಹೆಪ್ಪು ಹಾಕುತ್ತೇನೆ. ಮುಸ್ಸಂಜೆಯಾದರೆ ಸಾಕು, ಕೆಳಗಿನಾಕೆ ಬೀದಿಯವರನ್ನೆಲ್ಲ ಮೇಲಕ್ಕೆ ಕಳಿಸುತ್ತಾರೆ. ಬಂದವರು ಹೆಪ್ಪಿನ ಜೊತೆ ಒಂದಿಷ್ಟು ಹೊತ್ತು ಕೂತು ಮಾತನ್ನೂ ಆಡಿ ಹೋಗುತ್ತಾರೆ.

ಮೊನ್ನೆ ನನ್ನ ತಂಗಿ ಬಂದಿದ್ದಳು. ಸಂಜೆ ದೇವರ ಮುಂದೆ ಕತ್ತಲು ನೋಡಿ ಬೇಜಾರು ಮಾಡಿಕೊಂಡಳು. "ಅಣ್ಣಾ, ಒಂದು ದೀಪನಾದ್ರೂ ಹಚ್ಚಬಾರ್ದಾ? ಮನೆಗೆ ಲಕ್ಷ್ಮಿ ಬರ್ತಾಳೆ."

"ಸುಮ್ನಿರೇ," ಅಂದೆ. "ಲಕ್ಷ್ಮಿ ಒಬ್ಬಳು ಬಂದ್ರೆ, ಮಿಕ್ಕವರು ಯಾರೂ ಬರಲ್ಲ."