ಬಿಟ್ಟು ಬಿಟ್ಟು ಓಡಬೇಕೋ, ಒಂದೇ ಸಮ ಓಡಬೇಕೋ

ನಾನು ಹೆಡತಲೆಯ ನಮ್ಮ ಜಗಲಿ ಮೇಲೆ ಸುಮ್ಮನೆ ಕೂತಿದ್ದರೂ ಇಂಥ ಪ್ರಸಂಗಗಳು ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ. ಈ ಸಲ ಬಂದದ್ದು ಸೈನ್ಯ ಸೇರುವವರ ಓಟದ ಪರೀಕ್ಷೆ. ನಮ್ಮಣ್ಣ ರಿಟೈರ್ಡ್ ಹವಾಲ್ದಾರ್. ಅವನ ಮಗ, ಮಗಳು ಇಬ್ಬರೂ ಭರ್ತಿಗೆ ಹೊರಟರು. ಮಗಳಿಗೆ ಇದೇ ಕಡೇ ಅವಕಾಶ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ದಮ್ಮು ಬರಬೇಕಾದರೆ ಒಂದೇ ಸಮ ಓಡಬೇಕು ಅಂತ ಅಣ್ಣ. ಜೋರಾಗಿ ಓಡು, ನಡೆ, ಮತ್ತೆ ಓಡು ಅಂತ ನಾನು. ನಾನು ಸೈನ್ಯ ನೋಡಿಲ್ಲ, ನಿಜ. ಸೈನ್ಯವೂ ನನ್ನನ್ನು ನೋಡಿಲ್ಲ, ನಷ್ಟ ಅವರದು. ಕೊನೆಗೆ ಮಗ ಅಣ್ಣನ ಪಾಲಾದ, ಮಗಳು ನನ್ನ ಪಾಲಾದಳು.

ಒಂದೇ ಸಮ

ಹುಲ್ಲಹಳ್ಳಿ ನಾಲೆ ಏರಿ ಮೇಲೆ ಮಗ ಮುಂದೆ, ಸೈಕಲ್ಲಿನಲ್ಲಿ ಅಣ್ಣ ಹಿಂದೆ. ತಾನು ಹೇಳುವ ತನಕ ನಿಲ್ಲಬಾರದು ಅಂತ ಆರ್ಡರು. ಒಂದು ಬೆಳಿಗ್ಗೆ ಹಳೇ ಗೆಳೆಯ ಸಿಕ್ಕ. ಅಣ್ಣ ಟೀ ಕುಡಿಯುತ್ತಾ ಮಗನನ್ನೇ ಮರೆತ. ಮಧ್ಯಾಹ್ನ ತಿ. ನರಸೀಪುರದಿಂದ ಫೋನು ಬಂತು: "ಅಪ್ಪ, ಮುಂದೆ ಹೊಳೆ ಅದೆ. ನಿಲ್ಲಲಾ, ಈಜಲಾ?"

ಬಿಟ್ಟು ಬಿಟ್ಟು

ಎಲ್ಲಿ ಓಡಬೇಕು, ಎಲ್ಲಿ ನಡೆಯಬೇಕು ಅಂತ ನಾನು ಗುರುತು ಹಾಕುವ ಮೊದಲೇ ಊರ ನಾಯಿಗಳು ಹಾಕಿಟ್ಟಿದ್ದವು. ಒಂದು ಬೀದಿಯ ನಾಯಿ ಬೊಗಳಿಕೊಂಡು ತನ್ನ ಗಡಿವರೆಗೆ ಹುಡುಗಿಯನ್ನು ಅಟ್ಟಿ ನಿಲ್ಲುತ್ತಿತ್ತು. ಅಲ್ಲಿಂದ ಅವಳು ನಡೆಯುತ್ತಿದ್ದಳು. ಮುಂದಿನ ಬೀದಿಯ ನಾಯಿ ಚಾರ್ಜ್ ತಗೊಂಡರೆ ಮತ್ತೆ ಓಟ. ಅಂಗಡಿಯಮ್ಮ ನೋಡಿ, "ಇದೇನಣ್ಣ, ಮಗೀನ ಹಿಂದೆ ನಾಯಿ ಬುಟ್ಟಿದ್ದೀಯಲ್ಲ?" ಅಂದಳು.

"ನಾಯಿ ಅನ್ಬೇಡವ್ವ. ಅವೆಲ್ಲ ನಮ್ಮ ಸ್ಟಾಫು."

ಬೇಲಿಯ ಹೊರಗೆ

ಮಗ ಹಿಂದಿನ ವಾರವೇ ಪಾಸಾಗಿದ್ದ. ಗೆರೆ ದಾಟಿದ ಮೇಲೂ ಓಡುತ್ತಿದ್ದವನನ್ನು ಇಬ್ಬರು ಹಿಡಿದು ನಿಲ್ಲಿಸಿದರಂತೆ. ಈಗ ಭರ್ತಿ ಮೈದಾನದಲ್ಲಿ ಮಗಳ ಓಟ, ಬೇಲಿಯ ಹೊರಗೆ ನಾನು, ಅಣ್ಣ. ಎಲ್ಲರಿಗಿಂತ ಮುಂದಿದ್ದಳು. ನಾನು ಅಣ್ಣನ ಕಡೆ ನೋಡಿ ಮೀಸೆ ತಿರುವುವಷ್ಟರಲ್ಲಿ ಆರಾಮಾಗಿ ನಡೆಯತೊಡಗಿದಳು. ಅಭ್ಯಾಸಬಲ. ಆ ಮೈದಾನದಲ್ಲಿ ಒಂದು ನಾಯಿಯೂ ಇಲ್ಲ. ಒಬ್ಬೊಬ್ಬರೇ ಅವಳನ್ನು ದಾಟಿ ಹೋದರು.

"ಹೋಯ್ತಲ್ಲೋ ಮಗಳ ಕೆಲಸ" ಅಂದ ಅಣ್ಣ.

ನಾನು ಬೇಲಿ ಹಿಡಿದು ಬೊಗಳಿದೆ. ಹುಡುಗಿ ಕಿತ್ತುಕೊಂಡು ಓಡಿದಳು. ಉಸಿರು ಸಾಲದೆ ನಾನು ನಿಲ್ಲಿಸಿದರೆ ನಡೆಯುತ್ತಾಳೆ, ಬೊಗಳಿದರೆ ಓಡುತ್ತಾಳೆ. ನಮ್ಮ ರಿಟೈರ್ಡ್ ಹವಾಲ್ದಾರ್ ಸಾಹೇಬರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ತಾವೂ ಶುರು ಮಾಡಿದರು. ಮಗಳು ಗೆರೆ ದಾಟುವವರೆಗೂ ಬಿಡಲಿಲ್ಲ.

ಪಾಸಾದಳು. ನಂಜನಗೂಡಿನ ಬಸ್ಸಿನಲ್ಲಿ ನಾನು, ನೋಡಿದೆಯಾ, ಕೊನೆಗೂ ನನ್ನ ವಿಧಾನವೇ ಗೆದ್ದಿತು ಅಂದೆ. ಗಂಟಲು ಕಟ್ಟಿಹೋಗಿದ್ದ ಅಣ್ಣ ಕಿವಿ ಹತ್ತಿರ ಬಂದು ಪಿಸುಗುಟ್ಟಿದ:

"ನೀನು ಬಿಟ್ಟು ಬಿಟ್ಟು ಬೊಗಳ್ದೆ ಕಣ್ಲಾ. ಅವ್ಳು ಗೆದ್ದಿದ್ದು ನಾನು ಒಂದೇ ಸಮ ಬೊಗಳಿದ್ಕೆ."